ಹಳೆಯ ಮೀನುಗಾರಿಕಾ ಬೋಟನ್ನು ಕೊಳ್ಳುವ ಮುನ್ನ



ಜೂನ್ ತಿಂಗಳಲ್ಲಿ ಮಲ್ಪೆಯ ಬಂದರಿಗೋ ಮಂಗಳೂರಿನ ದಕ್ಕೆಗೋ ಹೋದರೆ ನೀವು ಒಂದು ದೃಶ್ಯವನ್ನು ಕಾಣುತ್ತೀರಿ. ನೂರಾರು ಬೋಟುಗಳು ಒಂದಕ್ಕೊಂದು ತಾಗಿಕೊಂಡು ಸಾಲಾಗಿ ನಿಂತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲದ ಈ ಬಿಡುವೇ ದುರಸ್ತಿಯ ಕಾಲ. ಹಳೆಯ ಬೋಟನ್ನು ಮಾರುವವರು, ಕೊಳ್ಳುವವರು ಮಾತಿಗೆ ಕೂರಲು ಪುರುಸೊತ್ತು ಸಿಗುವುದೂ ಆಗಲೇ.

ನಿಮ್ಮ ಅಣ್ಣನೂ ಅಂಥ ಒಬ್ಬ ಕೊಳ್ಳುವವನು ಎಂದುಕೊಳ್ಳಿ. ಹತ್ತು ವರ್ಷ ಬೇರೆಯವರ ಬೋಟಿನಲ್ಲಿ ದುಡಿದಿದ್ದಾನೆ. ಕೈಯಲ್ಲಿ ಸ್ವಲ್ಪ ಉಳಿತಾಯ ಇದೆ. ಉಳಿದದ್ದಕ್ಕೆ ಅಮ್ಮನ ಬಳೆ, ಸರ ಬ್ಯಾಂಕಿಗೆ ಹೋಗಬೇಕು. ಹೊಸ ಉಕ್ಕಿನ ಬೋಟು ಕೈಗೆಟುಕುವುದಿಲ್ಲ. ಆದ್ದರಿಂದ ಒಂದು ಹಳೆಯ ಮರದ ಬೋಟನ್ನು ನೋಡಲು ಹೊರಟಿದ್ದಾನೆ, ಜತೆಗೆ ನಿಮ್ಮನ್ನೂ ಕರೆದಿದ್ದಾನೆ. ಕಡಲಿನ ಅನುಭವ ಅವನದು. ಶಾಲೆ, ಕಾಲೇಜುಗಳಲ್ಲಿ ಕಲಿತ ವಿಜ್ಞಾನ ನಿಮ್ಮದು. ಇವೆರಡೂ ಕೂಡಿದರೆ ಏನು ಮಾಡಬಹುದು ಎಂಬುದನ್ನು ಇಂದು ನೋಡೋಣ.

ಮೊದಲನೆಯ ಮಾತು: ನೀರಿನಲ್ಲಿ ತೇಲುತ್ತಿರುವ ಬೋಟನ್ನು ನೋಡಿ ಬೆಲೆ ಕಟ್ಟಬಾರದು. ದಡಕ್ಕೆ ಏರಿಸಿ, ತಳವನ್ನು ನೋಡಿದ ಮೇಲೆಯೇ ಮಾತು. ಹೊಸದಾಗಿ ಬಣ್ಣ ಬಳಿದಿದ್ದರೆ ಇನ್ನಷ್ಟು ಎಚ್ಚರ ಬೇಕು. ಬಣ್ಣ ಮರವನ್ನು ಕಾಪಾಡುತ್ತದೆ ನಿಜ, ಆದರೆ ಮರದ ರೋಗವನ್ನು ಮುಚ್ಚಿಡುವುದೂ ಅದೇ ಬಣ್ಣ.

ಮರಕ್ಕೆ ಇಬ್ಬರು ಶತ್ರುಗಳು. ಒಬ್ಬ ಕೆಳಗಿನಿಂದ ಬರುತ್ತಾನೆ, ಇನ್ನೊಬ್ಬ ಮೇಲಿನಿಂದ. ಕೆಳಗಿನವನು ಹಡಗುಹುಳು. ಹೆಸರು ಹುಳು ಎಂದಾದರೂ ಇದು ಹುಳುವಲ್ಲ; ನಾವು ತಿನ್ನುವ ಮರುವಾಯಿಯ ಬಂಧು, ಎರಡು ಚಿಪ್ಪುಗಳ ಮೃದ್ವಂಗಿ. ಮರಿಯಾಗಿದ್ದಾಗ ಗುಂಡುಸೂಜಿಯ ತಲೆಯಷ್ಟು ತೂತು ಮಾಡಿ ಮರದೊಳಗೆ ಸೇರುತ್ತದೆ. ಆಮೇಲೆ ಒಳಗೇ ಬೆಳೆಯುತ್ತಾ, ತನ್ನ ಪುಟ್ಟ ಚಿಪ್ಪುಗಳಿಂದ ಕೊರೆಯುತ್ತಾ ಹೋಗುತ್ತದೆ. ಹೊರಗಿನಿಂದ ಹಲಗೆ ಗಟ್ಟಿಯಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಜೇನುಗೂಡಿನಂತೆ ಟೊಳ್ಳು. ಈ ಪ್ರಾಣಿಗೆ ಉಪ್ಪುನೀರು ಬೇಕು. ದಿನಗಟ್ಟಲೆ ಒಣಗಿಸಿದರೆ ಸಾಯುತ್ತದೆ. ನೀರಿನ ಉಪ್ಪು ತೀರಾ ಕಡಿಮೆಯಾದರೂ ಇದರ ಹೆಚ್ಚಿನ ಜಾತಿಗಳು ಬದುಕುವುದಿಲ್ಲ. ನಮ್ಮ ಹಿರಿಯರು ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದಿಡುತ್ತಿದ್ದುದರಲ್ಲಿ, ತಳಕ್ಕೆ ಗೇರೆಣ್ಣೆ ಬಳಿಯುತ್ತಿದ್ದುದರಲ್ಲಿ ಎಂಥ ವಿವೇಕ ಇತ್ತೆಂಬುದು ಈಗ ತಿಳಿಯುತ್ತದೆ.

ಮೇಲಿನಿಂದ ಬರುವ ಶತ್ರು ಮಳೆನೀರು. ಇದು ನಿಮಗೆ ವಿಚಿತ್ರ ಎನಿಸಬಹುದು. ಉಪ್ಪುನೀರಿನಲ್ಲಿ ಮರ ಕೊಳೆಯುವುದು ನಿಧಾನ. ಸಿಹಿನೀರು ಡೆಕ್ಕಿನ ಸಂದುಗಳಲ್ಲಿ ಇಳಿದು, ಗಾಳಿಯಾಡದೆ ನಿಂತರೆ ಅಲ್ಲಿ ಶಿಲೀಂಧ್ರ ಬೆಳೆದು ಮರವನ್ನು ಮೆತ್ತಗೆ ಮಾಡುತ್ತದೆ. ಹೆಬ್ಬಲಸಿನಂಥ ಒಳ್ಳೆಯ ಮರವೂ ಇದಕ್ಕೆ ಹೊರತಲ್ಲ. ಆದ್ದರಿಂದ ಡೆಕ್ಕಿನ ಅಂಚು, ಕ್ಯಾಬಿನ್ನಿನ ಬುಡ, ಐಸ್ ಪೆಟ್ಟಿಗೆಯ ಕೆಳಭಾಗ, ಇವನ್ನು ತಪ್ಪದೆ ನೋಡಬೇಕು.

ನೋಡುವುದು ಹೇಗೆ? ಸಣ್ಣ ಸುತ್ತಿಗೆ ಹಿಡಿದು ಹಲಗೆ ಹಲಗೆಯನ್ನೂ ತಟ್ಟುತ್ತಾ ಹೋಗಿ. ಗಟ್ಟಿ ಮರ ‘ಟಣ್’ ಎನ್ನುತ್ತದೆ, ಕೊಳೆತದ್ದು ‘ಡಬ್’ ಎನ್ನುತ್ತದೆ. ಸಂಶಯ ಬಂದಲ್ಲಿ ದಬ್ಬಳದಿಂದ ಒತ್ತಿ ನೋಡಿ. ಮೊಳೆಗಳ ಸುತ್ತ ಕಪ್ಪು ಕಲೆಯಿದ್ದರೆ ಕಬ್ಬಿಣ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸಿದೆ ಎಂದು ಅರ್ಥ. ಬೋಟಿನ ಬೆನ್ನೆಲುಬಾದ ಕೀಲ್, ಅದಕ್ಕೆ ಕೂಡಿಸಿದ ಪಕ್ಕೆಮರಗಳು, ಇವು ಹಾಳಾಗಿದ್ದರೆ ಆ ಬೋಟನ್ನು ಬಿಟ್ಟುಬಿಡುವುದೇ ಮೇಲು. ಒಂದೆರಡು ಹಲಗೆ ಬದಲಿಸಬಹುದು. ಬೆನ್ನೆಲುಬನ್ನು ಬದಲಿಸುವುದೆಂದರೆ ಹೆಚ್ಚುಕಡಿಮೆ ಹೊಸ ಬೋಟನ್ನೇ ಕಟ್ಟಿದಂತೆ.

ಇನ್ನು ಹಿಂಭಾಗಕ್ಕೆ ಬನ್ನಿ. ಪ್ರೊಪೆಲ್ಲರ್ ತಾಮ್ರದ ಮಿಶ್ರಲೋಹದ್ದು, ಅದರ ಬಳಿಯ ಚುಕ್ಕಾಣಿ ಕಬ್ಬಿಣದ್ದು, ಸುತ್ತ ಉಪ್ಪುನೀರು. ಎರಡು ಬೇರೆ ಲೋಹ, ನಡುವೆ ವಿದ್ಯುತ್ತನ್ನು ಹರಿಯಬಿಡುವ ದ್ರವ. ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿರುವ ವಿದ್ಯುತ್ಕೋಶವೇ ಇದು! ಈ ಕೋಶದಲ್ಲಿ ಕಬ್ಬಿಣ ಸವೆಯುತ್ತಾ ಹೋಗುತ್ತದೆ. ಅದನ್ನು ತಡೆಯಲು ಸತುವಿನ ಗಟ್ಟಿಗಳನ್ನು ಕೂಡಿಸುತ್ತಾರೆ. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಬಹುಕಾಲ ನೀರಿನಲ್ಲಿದ್ದ ಬೋಟಿನ ಸತು ಸ್ವಲ್ಪವೂ ಸವೆದಿಲ್ಲವಾದರೆ ಸಂತೋಷಪಡಬೇಡಿ. ಅದು ಕೆಲಸ ಮಾಡಿಲ್ಲ ಎಂದೇ ತಿಳಿಯಬೇಕು. ಯಾರೋ ಅದರ ಮೇಲೂ ಬಣ್ಣ ಬಳಿದಿರಬಹುದು.

ಎಂಜಿನ್ನಿನ ಪರೀಕ್ಷೆ ಅದು ತಣ್ಣಗಿರುವಾಗಲೇ ಆಗಬೇಕು. ನೀವು ಬರುವ ಮೊದಲೇ ಅದನ್ನು ಓಡಿಸಿ ಬಿಸಿ ಮಾಡಿದ್ದರೆ, ಏಕೆ ಎಂದು ಕೇಳಿ. ಎಣ್ಣೆ ಅಳೆಯುವ ಕಡ್ಡಿಯನ್ನು ತೆಗೆದು ನೋಡಿ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಅದರಲ್ಲಿ ನೀರು ಸೇರಿದೆ. ಹೊಗೆಗೂ ಒಂದು ಭಾಷೆಯಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಯಾದರೆ ಗಾಳಿ ಸಾಲದು ಅಥವಾ ಭಾರ ಹೆಚ್ಚು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ಒಳಗೆ ನೀರು ಸೋರುತ್ತಿದೆ.

ಇಲ್ಲಿ ನಿಮ್ಮ ಅಣ್ಣ ಒಂದು ಮಾತು ಹೇಳಬಹುದು: “ಎಂಜಿನ್ ಹೇಗಿದ್ದರೇನು, ಇದಕ್ಕಿಂತ ದೊಡ್ಡದೊಂದನ್ನು ಕೂರಿಸೋಣ, ಬೋಟು ಓಡುತ್ತದೆ.” ಅವನಿಗೆ ನೀವು ಭೌತಶಾಸ್ತ್ರವನ್ನು ನೆನಪಿಸಬೇಕು. ನೀರನ್ನು ಸೀಳಿ ಸಾಗುವ ಬೋಟು ತಾನೇ ಒಂದು ಅಲೆಯನ್ನು ಎಬ್ಬಿಸುತ್ತದೆ. ಒಂದು ಮಿತಿಯನ್ನು ದಾಟಿದರೆ ತಾನೆಬ್ಬಿಸಿದ ಅಲೆಯನ್ನೇ ಹತ್ತಬೇಕಾಗುತ್ತದೆ. ನೀರಿನ ಮಟ್ಟದಲ್ಲಿ 36 ಅಡಿ ಉದ್ದವಿರುವ ಬೋಟಿಗೆ ಆ ಮಿತಿ ಸುಮಾರು 8 ನಾಟ್, ಅಂದರೆ ಗಂಟೆಗೆ ಸುಮಾರು 15 ಕಿಲೋಮೀಟರು. ಆ ಮಿತಿಯೊಳಗೂ ವೇಗವನ್ನು ಇಮ್ಮಡಿ ಮಾಡಲು ಹೆಚ್ಚುಕಡಿಮೆ ಎಂಟು ಪಟ್ಟು ಶಕ್ತಿ ಬೇಕು. ಬಲೆ ಎಳೆಯಲು ಬಲ ಬೇಕು, ಒಪ್ಪೋಣ. ಆದರೆ ಅಳತೆ ಮೀರಿದ ಎಂಜಿನ್ ಸುಡುವುದು ಡೀಸೆಲನ್ನು. ಅದರ ನಡುಕ ಸಡಿಲಿಸುವುದು ಹಳೆಯ ಹಲಗೆಗಳನ್ನು.

ಇದಕ್ಕಿಂತಲೂ ಮುಖ್ಯವಾದದ್ದು ಭಾರದ ವಿಚಾರ. ನವೀಕರಣ ಎಂದರೆ ಹಲವರಿಗೆ ದೊಡ್ಡ ವಿಂಚು, ಎತ್ತರದ ಕ್ಯಾಬಿನ್, ಅದರ ಮೇಲೊಂದು ನೀರಿನ ಟ್ಯಾಂಕು. ಪ್ರತಿಯೊಂದೂ ಬೋಟಿನ ಗುರುತ್ವಕೇಂದ್ರವನ್ನು ಮೇಲಕ್ಕೆ ಎತ್ತುತ್ತದೆ. ಅಲೆಗೆ ವಾಲಿದ ಬೋಟು ಚಟ್ಟನೆ ಎದ್ದು ನಿಂತರೆ ಕೂತವರಿಗೆ ಹಿತವೆನಿಸದು, ಆದರೆ ಅದು ಕ್ಷೇಮ. ಮೆಲ್ಲಗೆ ವಾಲಿ, ಸೋಮಾರಿಯಂತೆ ತಡವಾಗಿ ಏಳುವ ಬೋಟು ತೊಟ್ಟಿಲಿನಂತೆ ಹಾಯೆನಿಸುತ್ತದೆ. ಅಪಾಯವಿರುವುದು ಅದರಲ್ಲೇ. ತಳದಲ್ಲಿ ನೀರು ನಿಂತು ವಾಲಿದ ಕಡೆಗೇ ಹರಿದರಂತೂ ಒಂದು ದೊಡ್ಡ ಅಲೆ ಸಾಕು.

ಕಾಗದಪತ್ರಗಳೂ ಬೋಟಿನ ಅಂಗಗಳೇ. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿದ ಭಯೋತ್ಪಾದಕರು ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕಾ ಬೋಟನ್ನು ಅಪಹರಿಸಿ ಬಂದಿದ್ದರು. ಆ ಮೇಲೆ ನೋಂದಣಿ, ಮೀನುಗಾರರ ಗುರುತಿನ ಚೀಟಿ ಇವೆಲ್ಲ ಬಿಗಿಯಾದವು. ನೋಂದಣಿ ಪತ್ರದಲ್ಲಿರುವ ಎಂಜಿನ್ ಸಂಖ್ಯೆ ಬೋಟಿನಲ್ಲಿರುವುದಕ್ಕೆ ಹೊಂದುತ್ತದೆಯೇ? ಮೀನುಗಾರಿಕಾ ಪರವಾನಗಿ, ವಿಮೆ ಊರ್ಜಿತದಲ್ಲಿವೆಯೇ? ಬೋಟಿನ ಮೇಲೆ ಸಾಲ ಉಳಿದಿದೆಯೇ? ಮುಂಗಡ ಕೊಡುವ ಮೊದಲು ಮೀನುಗಾರಿಕೆ ಇಲಾಖೆಯಲ್ಲಿಯೂ ಸಾಲ ಕೊಟ್ಟವರಲ್ಲಿಯೂ ವಿಚಾರಿಸಿ. ಮಾಲೀಕತ್ವ ಅಣ್ಣನ ಹೆಸರಿಗೆ ಬದಲಾಗುವವರೆಗೆ ಬೋಟು ಅವನದಲ್ಲ.

ಇಷ್ಟೆಲ್ಲ ನೋಡಿ ಬೋಟು ಒಳ್ಳೆಯದೆಂದು ಕಂಡರೆ, ದುರಸ್ತಿಗೆ ಒಂದೇ ಸೂತ್ರ: ಕೆಳಗಿನಿಂದ ಮೇಲಕ್ಕೆ. ಮೊದಲು ತಳದ ಹಲಗೆ ಮತ್ತು ಸಂದುಗಳು. ಆಚಾರಿಯವರು ಹಳೆಯ ಹತ್ತಿಯನ್ನು ಕಿತ್ತು, ಹೊಸ ಹತ್ತಿಯನ್ನು ಸಂದಿಗೆ ಬಡಿದು ಸೇರಿಸಿ ಮುಚ್ಚುವುದನ್ನು ಪಕ್ಕದಲ್ಲಿ ನಿಂತು ನೋಡಿ. ಅವರ ಕೈ ಬಲ್ಲದ್ದು ಯಾವ ಪುಸ್ತಕದಲ್ಲೂ ಇಲ್ಲ. ಆಮೇಲೆ ಎಂಜಿನ್, ನೀರೆತ್ತುವ ಪಂಪು, ವಿದ್ಯುತ್ ತಂತಿಗಳು. ಅನಂತರ ಲೈಫ್ ಜಾಕೆಟ್, ವೈರ್‌ಲೆಸ್ ಸೆಟ್. ಅದಾದ ಮೇಲೆ ಬಲೆ, ವಿಂಚು. ಎಲ್ಲಕ್ಕಿಂತ ಕೊನೆಗೆ ಬಣ್ಣ. ಹಣದಲ್ಲಿ ಒಂದು ಪಾಲನ್ನು ಮುಟ್ಟದೆ ಎತ್ತಿಡಬೇಕು. ಒಂದು ಹಲಗೆ ಬಿಚ್ಚಿದಾಗ ಅದರ ಪಕ್ಕದ್ದೂ ಹಾಳಾಗಿರುವುದು ಕಾಣುತ್ತದೆ. ಖರ್ಚು ಅಂದಾಜನ್ನು ಮೀರುತ್ತದೆ.

ಮಿತ್ರರೆ, ಎಲ್ಲಕ್ಕಿಂತ ಕಷ್ಟದ ಕೆಲಸವೊಂದಿದೆ. ಅಣ್ಣ ಆ ಬೋಟಿಗೆ ಮನಸ್ಸು ಕೊಟ್ಟಿರುತ್ತಾನೆ. ಅದಕ್ಕೆ ಇಡುವ ಹೆಸರನ್ನೂ ಯೋಚಿಸಿರುತ್ತಾನೆ. ಬೆಲೆಯೂ ಕಡಿಮೆ. ಆದರೆ ಕೀಲಿನ ಬಳಿ ದಬ್ಬಳ ಸಲೀಸಾಗಿ ಒಳಗಿಳಿದದ್ದನ್ನು ನೀವು ಕಂಡಿದ್ದೀರಿ. ಆಗ “ಅಣ್ಣಾ, ಇದು ಬೇಡ” ಎನ್ನುವ ಧೈರ್ಯ ನಿಮಗಿರಬೇಕು. ಅವನು ಸಿಟ್ಟಾಗಬಹುದು, ಒಂದು ವಾರ ಮಾತು ಬಿಡಬಹುದು. ಆದರೆ ಆ ಬೋಟಿನಲ್ಲಿ ಹೋಗುವವನು ಅವನೊಬ್ಬನೇ ಅಲ್ಲ. ಅವನನ್ನು ನಂಬಿ ಆರೇಳು ಮಂದಿ ಹೊರಡುತ್ತಾರೆ, ಅಷ್ಟೇ ಮನೆಗಳು ದಡದಲ್ಲಿ ಕಾಯುತ್ತವೆ. ಅಮ್ಮನ ಬಳೆಯನ್ನು ಮತ್ತೆ ಬಿಡಿಸಿಕೊಳ್ಳಬಹುದು.

ನೂಲ ಹುಣ್ಣಿಮೆಯ ಹೊತ್ತಿಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಮೀನುಗಾರರು ಸಮುದ್ರಪೂಜೆ ಮಾಡುತ್ತಾರೆ. ಅಂದು ಮನೆಯವರು ನಿಶ್ಚಿಂತೆಯಿಂದ ಕೈಮುಗಿಯಬೇಕಾದರೆ ಅದರ ಹಿಂದಿನ ಎರಡು ತಿಂಗಳು ಯಾರೋ ಒಬ್ಬರು ಸುತ್ತಿಗೆ ಹಿಡಿದು ಹಲಗೆ ಹಲಗೆಯನ್ನೂ ತಟ್ಟಿ ನೋಡಿರಬೇಕು. ಆ ಒಬ್ಬರು ನೀವಾಗಿ ಎಂದು ಹಾರೈಸುತ್ತೇನೆ.