ಹಿತ್ತಲಿನ ಹಸಿರು ಮರೆ

ಹಿತ್ತಲಿಗೆ ಮರೆಯಾಗಿ ಹಸಿರು ಬೇಲಿಯನ್ನು ಬೆಳೆಸುವಾಗ, ಗಿಡ ಎಷ್ಟು ಬೇಗ ಎತ್ತರವಾಗುತ್ತದೆ ಎಂಬುದಕ್ಕಿಂತ ಬೇಸಿಗೆಯಲ್ಲೂ ಎಲೆ ಉಳಿಸಿಕೊಳ್ಳುತ್ತದೆಯೇ ಎಂಬುದೇ ಮುಖ್ಯ. ಗೊಬ್ಬರದ ಗಿಡವೆಂದು ಹಳ್ಳಿಗಳಲ್ಲಿ ಹೆಸರಾದ ಗ್ಲಿರಿಸಿಡಿಯಾ ಗೂಟ ನೆಟ್ಟರೂ ಚಿಗುರುತ್ತದೆ, ಹೊಲಕ್ಕೆ ಸೊಪ್ಪನ್ನೂ ಕೊಡುತ್ತದೆ; ಆದರೆ ಒಣಹವೆಯಲ್ಲಿ ಎಲೆಯುದುರಿಸಿ ಹೂಬಿಡುವುದು ಅದರ ಸ್ವಭಾವವಾದ್ದರಿಂದ, ಮನೆಯವರು ಸಂಜೆ ಹೊರಗೆ ಕೂರುವ ತಿಂಗಳುಗಳಲ್ಲೇ ಮರೆ ಬರಿದಾಗುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಅಪವಾದವೆನಿಸಿದ, ಕೆಮ್ಮಿನ ಮದ್ದಿಗೂ ಒದಗುವ ಆಡುಸೋಗೆಯಾದರೋ ವರ್ಷವಿಡೀ ಹಸಿರಾಗಿದ್ದು, ಗೆಣ್ಣಿರುವ ಕಡ್ಡಿಯಿಂದಲೇ ಬೇರೂರಿ, ಕತ್ತರಿಸಿದಷ್ಟೂ ಬುಡದಿಂದ ಒತ್ತಾಗಿ ಕವಲೊಡೆದು ಆಳೆತ್ತರಕ್ಕೆ ನಿಲ್ಲುತ್ತದೆ. ಬಯಲುಸೀಮೆಯ ಒಣನೆಲಕ್ಕೆ ಮದರಂಗಿಯೂ ಸಲ್ಲುತ್ತದೆ. ಯಾವುದನ್ನೇ ಆರಿಸಿದರೂ, ಮುಂಗಾರು ಮಳೆ ನೆಲಕ್ಕಿಳಿದ ಮೇಲೆ, ಕಾಂಪೌಂಡ್ ಗೋಡೆಯಿಂದ 2 ಅಡಿ ಬಿಟ್ಟು ನೆಡುವುದು ಒಳಿತು.