ಕೆರೆದಂಡೆಯ ಬೆಂಚು ಮತ್ತು ಅಮೇರಿಕೆಯ ಚುನಾವಣೆ

(ರೇಡಿಯೋ ಭಾಷಣ)

2024ರ ನವೆಂಬರ್ 6ರ ಸಂಜೆ ನಾನು ಎಂದಿನಂತೆ ಉಣಕಲ್ ಕೆರೆಯ ದಂಡೆಗೆ ಹೋದಾಗ, ನಾವು ನಾಲ್ಕೈದು ಜನ ನಿವೃತ್ತರು ದಿನವೂ ಕೂಡುವ ಬೆಂಚಿನ ಮೇಲೆ ಎರಡು ಪಕ್ಷಗಳಾಗಿದ್ದವು. ಅಮೇರಿಕೆಯಲ್ಲಿ ಡೊನಾಲ್ಡ್ ಟ್ರಂಪ್ ಮತ್ತೆ ಗೆದ್ದಿದ್ದರು. "ನಮ್ಮ ದೇಶಕ್ಕ ಛಲೋ ಆತು ಬಿಡ್ರಿ" ಎಂದು ಒಬ್ಬರು ಹಿಗ್ಗಿದರೆ, ಕಮಲಾ ಹ್ಯಾರಿಸರ ತಾಯಿ ತಮಿಳುನಾಡಿನವರೆಂಬ ಒಂದೇ ಕಾರಣಕ್ಕೆ ಇನ್ನೊಬ್ಬರ ಮುಖ ಬಾಡಿತ್ತು. ಕುಳಿತವರಲ್ಲಿ ಒಬ್ಬರಿಗೂ ಅಲ್ಲಿ ಮತವಿರಲಿಲ್ಲ. ಆದರೂ ನಮ್ಮ ಮಹಾನಗರಪಾಲಿಕೆಯ ಚುನಾವಣೆಗೆ ಆ ಬೆಂಚಿನ ಮೇಲೆ ಅಷ್ಟು ಬಿಸಿ ಮಾತು ನಡೆದದ್ದು ನನಗೆ ನೆನಪಿಲ್ಲ.

ನಮ್ಮವರನ್ನಷ್ಟೇ ಆಡಿಕೊಳ್ಳಬೇಕಾಗಿಲ್ಲ. 2016ರಲ್ಲಿ ದಿಲ್ಲಿಯಲ್ಲಿ ಟ್ರಂಪರ ಗೆಲುವಿಗಾಗಿ ಹೋಮ ನಡೆದಿತ್ತು. 2024ರಲ್ಲಿ ಹ್ಯಾರಿಸರ ತಾತನ ಊರಾದ ತುಳಸೇಂದ್ರಪುರದ ದೇವಸ್ಥಾನದಲ್ಲಿ ಪೂಜೆ ನಡೆಯಿತು. ದೂರದ ಚುನಾವಣೆಯೆಂದರೆ ನಮಗೆ ಜಾತ್ರೆ. ತೇರು ಎಳೆಯುವ ದಣಿವಿಲ್ಲ, ಉತ್ತತ್ತಿ ಎಸೆಯುವ ಸಂತೋಷ ಮಾತ್ರ. ಗೆದ್ದವರು ನಮಗೆ ಏನು ಕೊಟ್ಟಾರು ಎಂಬುದರ ಹೊರತು ಅವರು ತಮ್ಮ ಜನರಿಗೆ ಏನು ಮಾಡಿಯಾರು ಎಂದು ಅಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಜಾತ್ರೆ ಎರಡೂವರೆ ತಿಂಗಳಿಗೇ ಮುಗಿಯಿತು. ಹಿಗ್ಗಿದ ಆ ಗೆಳೆಯರ ಮಗಳು ಅಲ್ಲಿ ಚೊಚ್ಚಲ ಬಸುರಿ. ಅಳಿಯನದು ಎಚ್-1ಬಿ ವೀಸಾ. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಹೊಸ ಅಧ್ಯಕ್ಷರು ಒಂದು ಆಜ್ಞೆಗೆ ಸಹಿ ಹಾಕಿದರು. ತಾಯಿ ತಾತ್ಕಾಲಿಕ ವೀಸಾದ ಮೇಲಿದ್ದು ತಂದೆ ಪೌರನೂ ಕಾಯಂ ನಿವಾಸಿಯೂ ಅಲ್ಲದಿದ್ದರೆ, ಮೂವತ್ತು ದಿನಗಳ ನಂತರ ಅಲ್ಲಿ ಹುಟ್ಟುವ ಮಗುವಿಗೆ ಹುಟ್ಟಿನಿಂದ ಪೌರತ್ವವಿಲ್ಲವೆಂಬುದು ಅದರ ತಾತ್ಪರ್ಯ. 1868ರಲ್ಲಿ ಅವರ ಸಂವಿಧಾನಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿಗೆ ಇದು ವಿರುದ್ಧವೆಂದು ಕೆಳ ನ್ಯಾಯಾಲಯಗಳು ಆಜ್ಞೆ ಜಾರಿಗೆ ಬರುವ ಮೊದಲೇ ತಡೆದವು. ಆದರೆ ಬಾಣಂತನಕ್ಕೆ ಹೊರಡಲು ಅಂಟಿನ ಉಂಡಿ ಕಟ್ಟುತ್ತಿದ್ದ ಆ ತಾಯಿ, ಬೆಲ್ಲದ ಕೈಯಲ್ಲೇ ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸಿದ್ದನ್ನು ನಾನು ಕಂಡಿದ್ದೇನೆ. ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಬಿತ್ತು. ಅಷ್ಟರಲ್ಲಿ ನಮ್ಮ ಗೆಳೆಯರ ಹಿಗ್ಗು ಸಿಟ್ಟಾಗಿತ್ತು. ಒಂದು ದಿನ ಫೇಸ್‌ಬುಕ್ಕಿನಲ್ಲಿ ಅಧ್ಯಕ್ಷರ ಮೇಲೆ ನಾಲ್ಕು ಸಾಲು ಕುಚೋದ್ಯ ಬರೆದರು.

ಡಿಸೆಂಬರಿನಲ್ಲಿ ಮತ್ತೊಂದು ನಿಯಮ ಬಂದಿತು. ಎಚ್-1ಬಿ ವೀಸಾ ಬೇಡುವವರೂ ಅವರ ಅವಲಂಬಿತರೂ ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ತನಿಖೆಗಾಗಿ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಮಗಳ ಫೋನು ಬಂದಾಗ ನಾನು ಅವರ ಪಕ್ಕದಲ್ಲೇ ಇದ್ದೆ. "ಅಪ್ಪಾ, ಅದನ್ನ ಡಿಲೀಟ್ ಮಾಡಿಬಿಡ್ರಿ. ಇವರ ವೀಸಾ ರಿನ್ಯೂವಲ್ ಐತಿ." ಉಣಕಲ್ಲಿನಲ್ಲಿ ಕುಳಿತ ಮಾವನ ಮಾತಿನ ಬಗ್ಗೆ ಆ ನಿಯಮ ಏನನ್ನೂ ಹೇಳುವುದಿಲ್ಲ. ಆದರೂ ಅವರು ಅಳಿಸಿದರು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಮಡಿಲಲ್ಲಿ ಕೂಸಿದ್ದವಳು ಬೇರೇನು ಹೇಳಿಯಾಳು?

ನನಗೆ ನೆನಪಾದದ್ದು 1976. ತುರ್ತು ಪರಿಸ್ಥಿತಿಯ ಕಾಲ. ಅಮೇರಿಕೆಯಲ್ಲಿದ್ದ ನಮ್ಮ ದೊಡ್ಡಪ್ಪನ ಮಗ ಬರೆದ ಏರೋಗ್ರಾಮನ್ನು ನಮ್ಮ ತಂದೆ ಒಮ್ಮೆ ಓದಿ, ಬಚ್ಚಲದ ಒಲೆಗೆ ಹಾಕಿ, "ರಾಜಕೀಯ ಬರೀಬ್ಯಾಡ" ಎಂದು ಉತ್ತರ ಬರೆದರು. ಅಂದು ಬಾಯಿ ಕಟ್ಟಿದ್ದುದು ನಮ್ಮದು, ಮಾತು ಇದ್ದುದು ಅವರದು.

ಆ ಮಾತು ಸಣ್ಣದಾಗಿರಲಿಲ್ಲ. ನಮ್ಮ ಕೆರೆಯ ನಡುವೆ ವಿವೇಕಾನಂದರ ಪ್ರತಿಮೆ ನಿಂತಿದೆಯಷ್ಟೆ. ಅವರು 1893ರಲ್ಲಿ ಮಾತಾಡಿದ ಚಿಕಾಗೋ ನಗರದಲ್ಲಿಯೇ ಆಗ ಎಂಜಿನಿಯರಾಗಿದ್ದ ನಮ್ಮ ಕಡೆಯ ಎಸ್. ಆರ್. ಹಿರೇಮಠರು, 'ಇಂಡಿಯನ್ಸ್ ಫಾರ್ ಡೆಮಾಕ್ರಸಿ' ಎಂಬ ಸಂಘಟನೆ ಕಟ್ಟಿದವರಲ್ಲಿ ಒಬ್ಬರಾಗಿ, ದಿಲ್ಲಿಯ ಸರಕಾರದ ವಿರುದ್ಧ ಬಹಿರಂಗವಾಗಿ ನಿಂತರು. 1979ರಲ್ಲಿ ದೇಶಕ್ಕೆ ಮರಳಿ ರಾಣೇಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ ಕೆಲಸಕ್ಕೆ ತೊಡಗಿದರು. ಬಳ್ಳಾರಿಯ ಗಣಿಗಳ ಮೇಲೆ ಸುಪ್ರೀಂ ಕೋರ್ಟಿಗೆ ಹೋದ ಸಮಾಜ ಪರಿವರ್ತನ ಸಮುದಾಯದ ಹಿರೇಮಠರು ಇವರೇ. ಅಂದು ಅವರಿಗೆ ಭಯವಿದ್ದರೆ ಅದು ತಾಯ್ನಾಡಿನ ಸರಕಾರದ್ದು. ಇಂದು ನಮ್ಮ ಮಕ್ಕಳ ಭಯ ಅವರು ಬಾಡಿಗೆ ಕಟ್ಟಿ, ತೆರಿಗೆ ತೆತ್ತು ಬಾಳುವ ನೆಲದ್ದು. ಅದು ಫೋನಿನಲ್ಲಿ ಉಣಕಲ್ಲಿಗೂ ಬರುತ್ತದೆ.

ಅಲ್ಲಿ ಮಾತಾಡುವ ನಮ್ಮವರು ಇಲ್ಲವೆಂದಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ, ನಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪದವಿ ಪಡೆದ ಶ್ರೀ ಠಾಣೇದಾರರು 2022ರಲ್ಲಿ ಮಿಶಿಗನ್ನಿನಿಂದ ಅಲ್ಲಿಯ ಕೆಳಮನೆಗೆ ಆರಿಸಿ ಬಂದರು. ಅವರು ಆತ್ಮಕಥೆ ಬರೆದದ್ದು ಮರಾಠಿಯಲ್ಲಿ. ಗೆದ್ದ ದಿನ ಮಾತ್ರ ಗಡಿ ವಾದ ಮರೆತು ಎಲ್ಲರೂ ನಮ್ಮವರೆಂದೆವು. 2025ರ ಏಪ್ರಿಲ್‌ನಲ್ಲಿ ಅವರು ಅಧ್ಯಕ್ಷರ ಮೇಲೆ ವಾಗ್ದಂಡನೆಯ ಗೊತ್ತುವಳಿಯನ್ನೇ ಮಂಡಿಸಿದರು. ಅವರ ಪಕ್ಷದ ನಾಯಕರಿಗೇ ಅದು ಬೇಡವಾಗಿ ಮುಂದೆ ಸಾಗಲಿಲ್ಲ. ನಮ್ಮ ಬೆಂಚಿನ ಮೇಲೆ ಅದರ ಚರ್ಚೆಯೂ ಆಗಲಿಲ್ಲ. ನಮಗೆ ಬೇಕಾಗಿದ್ದುದು ಅವರ ಹುಟ್ಟೂರು, ಅವರ ರಾಜಕೀಯವಲ್ಲ. ಮತ ಕೈಗೆ ಬರಲು ನಮ್ಮ ಅಳಿಯಂದಿರು ಕಾಯಬೇಕಾದ ವರ್ಷಗಳನ್ನು ನೆನೆದರೆ, ಅವರು ಬಾಯಿ ಬಿಡುವ ಹೊತ್ತಿಗೆ ನಾವು ಕೇಳಲು ಇರುತ್ತೇವೋ ಇಲ್ಲವೋ.

ಮೊನ್ನೆ ಬೆಂಚಿನ ಮೇಲೆ ಮತ್ತೆ ಆ ದೇಶದ ಮಾತು ಎದ್ದಿತು. ನಮ್ಮ ಗೆಳೆಯರು ಕೆರೆಯ ಜಲಕಳೆಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಕುಳಿತರು. ಆಮೇಲೆ, "ನೀವು ಮಾತಾಡ್ರಿ ಮಾಸ್ತರ, ನಾ ಒಂದು ಸುತ್ತ ಹಾಕಿ ಬರತೇನಿ" ಎಂದು ಎದ್ದು ನಡೆದರು.