ಬಯಲಿನಲ್ಲಿ ಚಾಪ್ಲಿನ್

ದುಡ್ಡು ಕೊಡದೆ, ಬಯಲಿನಲ್ಲಿ ಕುಳಿತು, ಊರಿಗೆ ಊರೇ ಒಂದು ಆಟ ನೋಡುವುದು ನಮ್ಮ ದುರ್ಗದ ಸೀಮೆಗೆ ಹೊಸದೇನಲ್ಲ. ಬಯಲಾಟಕ್ಕೆ ಟಿಕೆಟ್ಟು ಇಟ್ಟವರನ್ನು ನೀವು ಕಂಡಿದ್ದೀರಾ? ಕಂಬಳಿ ಹೊದ್ದು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಳಗಿನವರೆಗೆ ಕೂಡುತ್ತಿದ್ದ ಜನ ನಮ್ಮವರು. ಹೊಳಲ್ಕೆರೆಯಲ್ಲಿ ಗಣಪತಿಯೇ ಬಯಲು ಗಣಪತಿ!

ಆಮೇಲೆ ಟೂರಿಂಗ್ ಟಾಕೀಸು ಬಂತು. ನೆಲದ ಮೇಲೆ ಕೂತರೂ ಕಾಸು ಕೊಡಬೇಕಾಯಿತು. ಪುಕ್ಕಟೆ ಎಂದರೆ ವಾರ್ತಾ ಇಲಾಖೆಯ ಗಾಡಿ ತರುತ್ತಿದ್ದ ವಾರ್ತಾಚಿತ್ರ ಮಾತ್ರ. ಆ ಡೇರೆಗಳು ಮಾಯವಾದವು. ಈಗ ಸಿನಿಮಾ ಅಂಗೈಯಗಲದ ಫೋನಿಗೆ ಇಳಿದಿದೆ. ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಮೂಲೆಯಲ್ಲಿ ನಾಲ್ಕು ಚಿತ್ರ ನೋಡುತ್ತಾರೆ, ನಗುವುದೂ ಒಬ್ಬೊಬ್ಬರೇ. ಆದ್ದರಿಂದ ಒಂದು ಮಾತು ಸೂಚಿಸುತ್ತೇನೆ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕೂ ಊರುಗಳವರು ಒಮ್ಮೆ ಬಯಲಿನಲ್ಲಿ ಪರದೆ ಕಟ್ಟಿ, ಚಾರ್ಲಿ ಚಾಪ್ಲಿನ್ನನ 1925ರ ಮೂಕಚಿತ್ರ 'ದಿ ಗೋಲ್ಡ್ ರಷ್' ತೋರಿಸಬಾರದೇಕೆ?

ಹಾಲಿವುಡ್ಡಿನ ಹಳೆಯ ಚಿತ್ರ ನಮ್ಮವರಿಗೆ ಅರ್ಥವಾದೀತೇ ಎನ್ನುವಿರಿ. ಪಕ್ಕದ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡನ್ನು ನೋಡಿ. 1949ರಲ್ಲಿ ಹುಟ್ಟಿದ ನೀನಾಸಂ, 1973ರಲ್ಲಿ ಚಿತ್ರಸಮಾಜ ಕಟ್ಟಿತು. ಕೆ. ವಿ. ಸುಬ್ಬಣ್ಣನವರು ಅಡಿಕೆ ತೋಟದ ಜನರ ಮುಂದೆ ಜಗತ್ತಿನ ದೊಡ್ಡ ದೊಡ್ಡ ಚಿತ್ರಗಳನ್ನು ಇಟ್ಟರು. ಜನ ನೋಡಿದರು, ಚರ್ಚಿಸಿದರು. ಹಳ್ಳಿಯವರಿಗೆ ಇದು ತಿಳಿಯದು ಎಂಬುದು ಪಟ್ಟಣದವರ ಊಹೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಈ ಚಿತ್ರದ ನಗೆಯೆಲ್ಲ ಹಸಿವಿನ ಮೇಲೆ ನಿಂತಿದೆ. ಚಿನ್ನ ಅರಸಿ ಹಿಮದ ನಾಡಿಗೆ ಹೋದ ಬಡಪಾಯಿ, ಉಣ್ಣಲು ಏನೂ ಸಿಕ್ಕದೆ ತನ್ನ ಬೂಟನ್ನೇ ಬೇಯಿಸುತ್ತಾನೆ. ಲೇಸನ್ನು ಶ್ಯಾವಿಗೆಯಂತೆ ಸುತ್ತಿ ತಿನ್ನುತ್ತಾನೆ. ಮೊಳೆಗಳನ್ನು ಕೋಳಿಯ ಮೂಳೆಯಂತೆ ಚೀಪುತ್ತಾನೆ. ಜೊತೆಗಾರನ ಹಸಿದ ಕಣ್ಣಿಗೆ ಇವನೇ ದೊಡ್ಡ ಕೋಳಿಯಾಗಿ ಕಾಣುತ್ತಾನೆ. ಮಳೆಯನ್ನು ನಂಬಿ ಮೋಸಹೋದ ವರ್ಷಗಳನ್ನು ಎಣಿಸುವ, ಬರವನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಬೆಳೆದ ನಮ್ಮ ಜಿಲ್ಲೆಯಲ್ಲಿ ಇದನ್ನು ತೋರಿಸಿ ನಗಿಸುವುದು ಸರಿಯೇ?

ಸರಿ ಎಂದೇ ನನ್ನ ಅಭಿಪ್ರಾಯ. ಇದನ್ನು ಉಂಡವನು ಮಾಡಿದ ಹಾಸ್ಯವೆಂದು ತಿಳಿಯಬೇಡಿ. 1889ರಲ್ಲಿ ಹುಟ್ಟಿದ ಚಾಪ್ಲಿನ್ 1896ರಲ್ಲಿ, ಏಳು ವರ್ಷದ ಹುಡುಗ, ತಾಯಿ ಮತ್ತು ಅಣ್ಣನೊಂದಿಗೆ ಲಂಡನ್ನಿನ ಬಡವರ ದುಡಿಮೆಮನೆ ಸೇರಿದವನು. ಅವನು ನಗುವುದು ಹಸಿದವನನ್ನು ಕಂಡಲ್ಲ. ಹಸಿದಾಗಲೂ ಮರ್ಯಾದೆಯಿಂದ ಊಟಕ್ಕೆ ಕೂಡುವ ಅವನ ಹಟವನ್ನು ಕಂಡು. ಬೂಟನ್ನು ತಟ್ಟೆಗೆ ಬಡಿಸುವ ಆ ಠೀವಿಯನ್ನು ನಮ್ಮ ಮುದುಕಿಯರು ಇತರರಿಗಿಂತ ಮೊದಲು ಗುರುತಿಸಿಯಾರು. ಮುಂದೆ ಕನಸಿನಲ್ಲಿ ಫೋರ್ಕಿಗೆ ಚುಚ್ಚಿದ ಎರಡು ಬನ್ನುಗಳನ್ನು ಕುಣಿಸುತ್ತಾನಲ್ಲ, ಅದನ್ನಂತೂ ಮಕ್ಕಳು ಮರುದಿನ ಮನೆಮನೆಯಲ್ಲೂ ಆಡಿ ತೋರಿಸುತ್ತವೆ. ಅದಕ್ಕೆ ನೀವು ಸಿದ್ಧರಾಗಿರಿ.

ಚಿತ್ರದ ನಡುವೆ ಬರುವ ಇಂಗ್ಲಿಷ್ ಬರಹಕ್ಕೂ ಉಪಾಯವುಂಟು. ನಮ್ಮ ಬಯಲಾಟಕ್ಕೆ ಭಾಗವತರಿಲ್ಲವೇ? ಕಂಠ ಚೆನ್ನಾಗಿರುವ ಒಬ್ಬ ಮೇಷ್ಟ್ರೋ ಅಕ್ಕನೋ ಮೈಕಿನ ಮುಂದೆ ನಿಂತು ಕನ್ನಡದಲ್ಲಿ ಹೇಳಲಿ. ಆದರೆ ಮಿತವಾಗಿ ಹೇಳಲಿ. ಬೂಟು ತಿನ್ನುವಾಗ ಮಾತ್ರ ದಯವಿಟ್ಟು ಬಾಯಿ ಬಿಡಬಾರದು. 1942ರಲ್ಲಿ ಚಾಪ್ಲಿನ್ ತಾನೇ ಮಾತು ಸೇರಿಸಿ ಹೊರತಂದ ಪ್ರತಿಯೂ ಇದೆ. ನಮಗೆ ಮೂಕ ಪ್ರತಿಯೇ ಮೇಲು.

ಉಳಿದದ್ದು ಕೆಲಸದ ಮಾತು. ಪ್ರದರ್ಶನದ ಹಕ್ಕನ್ನೂ ಪರವಾನಗಿಯನ್ನೂ ಮೊದಲೇ ವಿಚಾರಿಸಿಕೊಳ್ಳಿ. ಪುಕ್ಕಟೆ ಎಂದ ಮಾತ್ರಕ್ಕೆ ಕಾನೂನು ಬಿಡುವುದಿಲ್ಲ. ಹುಣ್ಣಿಮೆಯ ಆಸುಪಾಸು ಬೇಡ, ಪರದೆ ಮಂಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಗಾಳಿ. ಜೋಗಿಮಟ್ಟಿಯ ಗಾಳಿಯನ್ನು ಬಲ್ಲ ದುರ್ಗದವರಿಗೆ ಇದನ್ನು ಹೇಳಬೇಕಾಗಿಲ್ಲ; ಅಂಥ ಗಾಳಿಗೆ ಬಟ್ಟೆಯ ಪರದೆ ಹಡಗಿನ ಹಾಯಿಯಾಗುತ್ತದೆ. ಸುಗ್ಗಿ ಮುಗಿದ ಮೇಲಿನ ದಿನಗಳು ಒಳ್ಳೆಯವು. ಶಾಲೆಯ ಗೋಡೆಯ ಮರೆಯಲ್ಲಿ, ನಾಲ್ಕೂ ಮೂಲೆಗೆ ಹಗ್ಗ ಬಿಗಿದು ಪರದೆ ನಿಲ್ಲಿಸಿ. ಹೊಸದುರ್ಗದವರಿಗೆ ಆ ಪಾಡೂ ಇಲ್ಲ: ಅವರ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಬಯಲು ರಂಗಮಂದಿರವೇ ಇದೆ. ಹೆಂಗಸರಿಗೆ ಮುಂದಿನ ಜಾಗ ಬಿಡಿ, ಚಾಪೆ ಕಂಬಳಿಗಳನ್ನು ಅವರವರೇ ತರಲಿ, ಏಳು ಗಂಟೆಗೆ ಶುರುಮಾಡಿದರೆ ಒಂಬತ್ತರೊಳಗೆ ಎಲ್ಲರೂ ಮನೆ ಸೇರಬಹುದು.